ಡಿಸ್ಕ್ ಖಾಲಿ ಇತ್ತು, ಪ್ರೊಫೈಲ್ ತುಂಬಿತ್ತು

ಫೋನ್ ಬಂದಾಗ ರಾತ್ರಿ ಹನ್ನೊಂದೂವರೆ. ಇನ್‌ವಾಯ್ಸ್‌ಗಳ ಪಿಡಿಎಫ್ ಮಾಡುವ ಬ್ಯಾಚ್ ಜಾಬ್, ಅಂದರೆ ನಮ್ಮ ಐಬಿಎಂ ಐ ಸರ್ವರಿನಲ್ಲಿ ತಾನಾಗಿ ಓಡುವ ಕೆಲಸ, ನಡುವೆಯೇ ನಿಂತಿತ್ತು. ಹೊಸ ಫೈಲ್ ಮಾಡಲು ಆಗುತ್ತಿಲ್ಲ ಅನ್ನುವುದು ಅದರ ದೂರು. ಲಾಗಿನ್ ಆಗಿ ಎಲ್ಲರೂ ಮೊದಲು ನೋಡುವುದನ್ನೇ ನಾನೂ ನೋಡಿದೆ. ಡಿಸ್ಕ್ ಶೇಕಡ 58ರಷ್ಟು ಮಾತ್ರ ತುಂಬಿತ್ತು. ಫೋಲ್ಡರಿನ ಅನುಮತಿಗಳು ಸರಿಯಾಗಿದ್ದವು. ನಿನ್ನೆ ರಾತ್ರಿ ಇದೇ ಜಾಬ್, ಇದೇ ಫೋಲ್ಡರಿಗೆ, ಇದೇ ಯೂಸರ್ ಹೆಸರಲ್ಲಿ ಬರೆದು ಮುಗಿಸಿತ್ತು.

ನಮ್ಮ ಸೀನಿಯರ್‌ಗೆ ಫೋನ್ ಮಾಡಿದೆ. ಈ ಮೆಷಿನ್ನಿನ ಜೊತೆ ನನಗಿಂತ ಎಷ್ಟೋ ಜಾಸ್ತಿ ವರ್ಷ ಕಳೆದವರು ಅವರು.

"ಡಿಸ್ಕ್ ನೋಡಿದ್ರಾ?"

"ನೋಡಿದೆ ಮೇಡಂ, ಬೇಕಾದಷ್ಟು ಜಾಗ ಇದೆ."

"ಹಾಗಾದ್ರೆ ಮೆಸೇಜಿನ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ. ಪೂರ್ತಿ ಓದಿ. ಯಾವ ಆಬ್ಜೆಕ್ಟಿನ ಹೆಸರು ಹೇಳ್ತಿದೆ ಅಂತ ನೋಡಿ."

ಓದಿದೆ. ಆಬ್ಜೆಕ್ಟಿನ ಗಾತ್ರದ ಮಿತಿ ಮುಗಿದಿದೆ ಅಂತ ಬರೆದಿತ್ತು. ಆ ಆಬ್ಜೆಕ್ಟ್ ನಾನು ಅಂದುಕೊಂಡ ಪಿಡಿಎಫ್ ಆಗಿರಲಿಲ್ಲ. ಫೋಲ್ಡರೂ ಅಲ್ಲ. ಅದು ಜಾಬ್ ಯಾರ ಹೆಸರಲ್ಲಿ ಓಡುತ್ತಿತ್ತೋ ಆ ಸರ್ವಿಸ್ ಯೂಸರ್ ಪ್ರೊಫೈಲ್, ಅಂದರೆ ಪ್ರೋಗ್ರಾಮುಗಳಿಗೆಂದೇ ಇರುವ ಖಾತೆ.

ಈ ಮಾತು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಯೂಸರ್ ಪ್ರೊಫೈಲ್ ಅಂದರೆ ಒಂದು ಹೆಸರು, ಒಂದು ಪಾಸ್‌ವರ್ಡ್, ನಾಲ್ಕು ಸೆಟ್ಟಿಂಗ್ ಅಲ್ವಾ? ಅದು ತುಂಬುವುದು ಹೇಗೆ? ಈ ಸಿಸ್ಟಮ್ಮಿನಲ್ಲಿ ತುಂಬುತ್ತದೆ. 1978ರಲ್ಲಿ ಘೋಷಣೆಯಾದ ಸಿಸ್ಟಮ್/38, 1988ರಲ್ಲಿ ಬಂದ ಎಎಸ್/400, ಈಗ ಐಬಿಎಂ ಐ ಅಂತ ಕರೆಯುವ ಇದು, ಎಲ್ಲ ಒಂದೇ ಮನೆತನ. ಇಲ್ಲಿ ಎಲ್ಲವೂ ಆಬ್ಜೆಕ್ಟೇ. ಪ್ರೋಗ್ರಾಂ, ಟೇಬಲ್, ಆಬ್ಜೆಕ್ಟುಗಳನ್ನು ಜೋಡಿಸಿಡುವ ಲೈಬ್ರರಿ, ಪ್ರಿಂಟಿಗೆ ಕಾಯುವ ಸಾಲಾದ ಔಟ್‌ಕ್ಯೂ, ಐಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆಯ ಫೋಲ್ಡರಿನ ಒಂದೊಂದು ಪಿಡಿಎಫ್, ಎಲ್ಲ. ಪ್ರತಿ ಆಬ್ಜೆಕ್ಟಿಗೂ ಒಬ್ಬ ಮಾಲೀಕ ಇರಲೇಬೇಕು. ಆ ಮಾಲೀಕ ಅಂದರೆ ಒಂದು ಯೂಸರ್ ಪ್ರೊಫೈಲ್. ಅದೂ ಒಂದು ಆಬ್ಜೆಕ್ಟೇ, ಕ್ಯುಸಿಸ್ ಅನ್ನುವ ಸಿಸ್ಟಂ ಲೈಬ್ರರಿಯಲ್ಲಿ ಕೂತಿರುತ್ತದೆ. ತಾನು ಯಾವುದಕ್ಕೆಲ್ಲ ಮಾಲೀಕ ಅನ್ನುವ ಲೆಕ್ಕವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ಆ ಹೊಟ್ಟೆಗೆ ಒಂದು ಅಳತೆ ಇದೆ. ಈಗಿನ ಆವೃತ್ತಿಗಳಲ್ಲಿ ಅದು ಒಂದು ಕೋಟಿ ಎಂಟ್ರಿ.

ಆ ರಾತ್ರಿ ಇಷ್ಟೆಲ್ಲ ಯೋಚಿಸುವ ಹೊತ್ತಾಗಿರಲಿಲ್ಲ. ಜಾಬ್ ಮುಂದೆ ಹೋಗಬೇಕಿತ್ತು. ಅದೇ ಪ್ರೊಫೈಲಿನ ಹೆಸರಲ್ಲಿ ಹಳೆಯ ಲಾಗ್ ಫೈಲುಗಳು ರಾಶಿ ಬಿದ್ದಿದ್ದವು, ಯಾರಿಗೂ ಬೇಡವಾದವು. ಮೇಡಂ ಒಪ್ಪಿಗೆ ಕೊಟ್ಟರು. ಸುಮಾರು ಒಂದು ಲಕ್ಷ ಫೈಲ್ ಅಳಿಸಿ, ಕಾಯುತ್ತಿದ್ದ ಮೆಸೇಜಿಗೆ ರಿಟ್ರೈ ಅಂತ ಉತ್ತರ ಕೊಟ್ಟೆ. ಜಾಬ್ ನಡೆಯಿತು. ಬೆಳಗಿನ ಜಾವ ಎರಡು ಗಂಟೆಗೆ ಇನ್‌ವಾಯ್ಸ್‌ಗಳು ಮುಗಿದವು.

ಮಾರನೆಯ ದಿನ ಕೂತು ಎಣಿಸಿದೆವು. ಮೊದಲು ನಾನು ಮಾಡಿದ್ದು ವರ್ಕ್ ವಿತ್ ಆಬ್ಜೆಕ್ಟ್ಸ್ ಬೈ ಓನರ್ ಕಮಾಂಡ್, ಒಬ್ಬ ಮಾಲೀಕನ ಆಬ್ಜೆಕ್ಟುಗಳನ್ನೆಲ್ಲ ಪಟ್ಟಿ ಮಾಡುವುದು. ಇಷ್ಟು ದೊಡ್ಡ ಪ್ರೊಫೈಲಿನ ಮೇಲೆ ಅದನ್ನು ಓಡಿಸಬೇಡಿ. ಸ್ಕ್ರೀನ್ ಹಾಗೇ ನಿಂತುಬಿಟ್ಟಿತು. ಬಿಟ್ಟು, ಈ ಸಿಸ್ಟಮ್ಮಿನ ಡೇಟಾಬೇಸ್ ಆದ ಡಿಬಿ2ರಲ್ಲಿರುವ ಆಬ್ಜೆಕ್ಟ್ ಓನರ್‌ಶಿಪ್ ಅನ್ನುವ ವ್ಯೂ ಮೇಲೆ ಎಸ್‌ಕ್ಯೂಎಲ್ ಬರೆದು, ಬ್ಯಾಚಿನಲ್ಲಿ ಎಣಿಸಿದೆ. ಇನ್‌ವಾಯ್ಸ್ ಪಿಡಿಎಫ್ 22 ಲಕ್ಷ. ಲಾಗ್ ಮತ್ತು ಇತರೆ ಫೈಲುಗಳು 9 ಲಕ್ಷ. ಲೈಬ್ರರಿಗಳಲ್ಲಿರುವ ಆಬ್ಜೆಕ್ಟುಗಳು ಸುಮಾರು 1 ಲಕ್ಷ. ಒಟ್ಟು 32 ಲಕ್ಷ.

"32 ಲಕ್ಷಕ್ಕೆ ಒಂದು ಕೋಟಿ ಹೇಗೆ ತುಂಬುತ್ತೆ ಮೇಡಂ?" ಅಂತ ಕೇಳಿದೆ. ಅವರು ಪ್ರಿಂಟ್ ಪ್ರೊಫೈಲ್ ಇಂಟರ್ನಲ್ಸ್ ಅನ್ನುವ ಕಮಾಂಡ್ ಓಡಿಸಿ, ಬಂದ ಸ್ಪೂಲ್ ಫೈಲನ್ನು, ಅಂದರೆ ಪ್ರಿಂಟಿಗೆ ಸಿದ್ಧವಾದ ರಿಪೋರ್ಟನ್ನು, ತೋರಿಸಿದರು. ಪ್ರೊಫೈಲಿನಲ್ಲಿ ಎಷ್ಟು ಎಂಟ್ರಿ, ಶೇಕಡ ಎಷ್ಟು ತುಂಬಿದೆ ಅಂತ ಅದು ಹೇಳುತ್ತದೆ. ಒಂದು ಲಕ್ಷ ಅಳಿಸಿದ ಮೇಲೂ ಶೇಕಡ 99.

ಲೆಕ್ಕ ಇರುವುದು ಇಲ್ಲಿ. ಪ್ರೊಫೈಲಿನೊಳಗೆ ನಾಲ್ಕು ಬಗೆಯ ಎಂಟ್ರಿ ಸೇರುತ್ತವೆ. ಒಂದು, ಅದು ಮಾಲೀಕನಾಗಿರುವ ಪ್ರತಿ ಆಬ್ಜೆಕ್ಟ್. ಎರಡು, ಬೇರೆಯವರ ಆಬ್ಜೆಕ್ಟಿನ ಮೇಲೆ ಅದಕ್ಕೆ ಕೊಟ್ಟಿರುವ ಪ್ರತಿ ಪ್ರೈವೇಟ್ ಅಥಾರಿಟಿ, ಅಂದರೆ ಹೆಸರು ಹಿಡಿದು ಕೊಟ್ಟ ಅನುಮತಿ. ಮೂರು, ಅದರ ಆಬ್ಜೆಕ್ಟಿನ ಮೇಲೆ ಬೇರೆಯವರಿಗೆ ಕೊಟ್ಟಿರುವ ಪ್ರತಿ ಪ್ರೈವೇಟ್ ಅಥಾರಿಟಿ. ನಾಲ್ಕು, ಅದು ಪ್ರೈಮರಿ ಗ್ರೂಪ್ (ಆಬ್ಜೆಕ್ಟಿಗೆ ಗೊತ್ತು ಮಾಡಿದ ಮುಖ್ಯ ಗುಂಪು) ಆಗಿರುವ ಪ್ರತಿ ಆಬ್ಜೆಕ್ಟ್. ನಾನು ಮೊದಲನೆಯದನ್ನು ಮಾತ್ರ ಎಣಿಸಿದ್ದೆ. ನಮ್ಮನ್ನು ಮುಳುಗಿಸಿದ್ದು ಮೂರನೆಯದು.

ಇನ್‌ವಾಯ್ಸ್ ಫೋಲ್ಡರಿನ ಮೇಲೆ ಯಾವತ್ತೋ ಮೂರು ಪ್ರೊಫೈಲುಗಳಿಗೆ ಪ್ರೈವೇಟ್ ಅಥಾರಿಟಿ ಕೊಟ್ಟಿದ್ದರು. ಇಮೇಲ್ ಕಳಿಸುವ ಜಾಬಿಗೆ ಒಂದು, ಗ್ರಾಹಕ ಸೇವೆಯ ಸ್ಕ್ರೀನಿಗೆ ಒಂದು, ಆಡಿಟಿಗೆ ಒಂದು. ಪಿಡಿಎಫ್ ಮಾಡುವ ಪ್ರೋಗ್ರಾಂ ಹೊಸ ಫೈಲಿಗೆ ತಾಯಿ ಫೋಲ್ಡರಿನ ಅನುಮತಿಗಳನ್ನೇ ಎಳೆದುಕೊಳ್ಳುವಂತೆ ಬರೆದಿತ್ತು. ಹಾಗಾಗಿ ಒಂದು ಪಿಡಿಎಫ್ ಹುಟ್ಟಿದರೆ ಮಾಲೀಕನ ಲೆಕ್ಕಕ್ಕೆ ನಾಲ್ಕು ಎಂಟ್ರಿ. ಫೈಲಿಗೆ ಒಂದು, ಮೂರು ಅನುಮತಿಗೆ ಮೂರು. 22 ಲಕ್ಷ ಫೈಲು, 88 ಲಕ್ಷ ಎಂಟ್ರಿ. ಅದರ ಮೇಲೆ ಲಾಗ್ ಫೈಲುಗಳ 9, ಲೈಬ್ರರಿಗಳ 1, ಬೇರೆ ಕಡೆಯಿಂದ ಇದಕ್ಕೆ ಸಿಕ್ಕ ಅನುಮತಿಗಳದ್ದು 1. ಕೂಡಿಸಿ ನೋಡಿ, 99 ಲಕ್ಷ. ಆ ಮೂರು ಪ್ರೊಫೈಲುಗಳ ಹೊಟ್ಟೆಯಲ್ಲೂ ತಲಾ 22 ಲಕ್ಷ ಎಂಟ್ರಿ ಸುಮ್ನೆ ಕೂತಿದ್ದವು.

ಅನುಮತಿ ಕೊಟ್ಟವರ ಮೇಲೆ ನನಗೆ ಬೇಸರವಿಲ್ಲ. ಅವತ್ತು ಫೋಲ್ಡರಿನಲ್ಲಿ ಫೈಲುಗಳು ಸಾವಿರದ ಲೆಕ್ಕದಲ್ಲಿದ್ದವು. ಬೇಸರ ಇರುವುದು ಇದನ್ನು ಯಾರೂ ತಿರುಗಿ ನೋಡಲಿಲ್ಲ ಅನ್ನುವುದಕ್ಕೆ. ಅದರಲ್ಲಿ ನಾನೂ ಸೇರಿದ್ದೇನೆ.

ತುರ್ತಾಗಿ ಸ್ವಲ್ಪ ಜಾಗ ಬೇಕಿತ್ತು. ಎಲ್ಲಕ್ಕಿಂತ ಹಳೆಯ ವರ್ಷದ ಫೋಲ್ಡರಿನಲ್ಲಿ 3 ಲಕ್ಷ ಫೈಲುಗಳಿದ್ದವು. ಅವುಗಳ ಒಡೆತನವನ್ನು ಬೇರೆ ಪ್ರೊಫೈಲಿಗೆ ದಾಟಿಸೋಣ ಅಂತ ತೀರ್ಮಾನವಾಯಿತು. ಅದಕ್ಕಾಗಿಯೇ ಹೊಸ ಪ್ರೊಫೈಲ್ ಮಾಡಿದೆವು. ಪಾಸ್‌ವರ್ಡ್ ಇಲ್ಲ, ಯಾವ ಸ್ಪೆಷಲ್ ಅಥಾರಿಟಿಯೂ (ಸಿಸ್ಟಂ ಮಟ್ಟದ ಅಧಿಕಾರ) ಇಲ್ಲ, ಆರಂಭದ ಮೆನು ಸೈನ್ ಆಫ್. ಅಂದರೆ ಯಾರೂ ಅದರ ಹೆಸರಲ್ಲಿ ಒಳಗೆ ಬರಲಾರರು. ಮಾಲೀಕನಾಗಿ ಇರುವುದಷ್ಟೇ ಅದರ ಕೆಲಸ.

ಚೇಂಜ್ ಓನರ್ ಕಮಾಂಡ್ ತೆಗೆದು ಎಫ್4 ಒತ್ತಿದೆ. ಫೋಲ್ಡರಿನ ದಾರಿ, ಹೊಸ ಮಾಲೀಕ, ಒಳಗಿನ ಎಲ್ಲ ಫೈಲುಗಳಿಗೂ ಅನ್ವಯಿಸಲಿ ಅನ್ನುವ ಆಯ್ಕೆ. ಕೊನೆಗೆ ಒಂದು ಪ್ರಶ್ನೆ: ಹಳೆಯ ಮಾಲೀಕನ ಅಧಿಕಾರವನ್ನು ಕಿತ್ತುಹಾಕಬೇಕೇ? ಸಿಸ್ಟಂ ತಾನಾಗಿ ಇಟ್ಟಿರುವ ಉತ್ತರ ಹೌದು. ನಾನು ಬೇಡ ಅಂತ ಬದಲಿಸಿದೆ. ಹಳೆಯ ಇನ್‌ವಾಯ್ಸ್ ಮತ್ತೆ ಪ್ರಿಂಟ್ ಮಾಡುವ ಪ್ರೋಗ್ರಾಂ ಅದೇ ಸರ್ವಿಸ್ ಪ್ರೊಫೈಲಿನಲ್ಲಿ ಓಡುತ್ತಿತ್ತು. ಅಧಿಕಾರ ಹೋದರೆ ನಾಳೆ ಅದು ಫೈಲ್ ತೆರೆಯುವುದಿಲ್ಲ ಅನ್ನುವ ಭಯ.

ಜಾಬ್ ಮುಗಿದ ಮೇಲೆ ಪ್ರೊಫೈಲ್ ರಿಪೋರ್ಟ್ ಮತ್ತೆ ತೆಗೆದೆ. 3 ಲಕ್ಷ ಫೈಲಿಗೆ ನಾಲ್ಕರಂತೆ 12 ಲಕ್ಷ ಇಳಿಯಬೇಕಿತ್ತು. ಇಳಿದದ್ದು 9 ಲಕ್ಷ. ಹೊಸ ಪ್ರೊಫೈಲಿನಲ್ಲಿ 12 ಇರಬೇಕಾದ ಕಡೆ 15. ಸ್ವಲ್ಪ ಹೊತ್ತು ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು. ಹಳೆಯ ಮಾಲೀಕನ ಅಧಿಕಾರ ಉಳಿಸಿ ಅಂದಿದ್ದೆ. ಮಾಲೀಕ ಅಲ್ಲದವನಿಗೆ ಅಧಿಕಾರ ಉಳಿಯುವುದು ಪ್ರೈವೇಟ್ ಅಥಾರಿಟಿಯಾಗಿ. ಮೂರು ಇದ್ದದ್ದು ನಾಲ್ಕಾಯಿತು. ಹಳೆಯ ಪ್ರೊಫೈಲಿನಲ್ಲಿ ಪ್ರತಿ ಫೈಲಿಗೂ ಒಂದು ಎಂಟ್ರಿ ಹಾಗೇ ಉಳಿಯಿತು, ಹೊಸದರಲ್ಲಿ ಫೈಲಿಗೆ ಐದಾಯಿತು. ಇನ್ನೊಂದೆರಡು ಫೋಲ್ಡರನ್ನು ಹೀಗೇ ದಾಟಿಸಿದ್ದರೆ ಸಮಸ್ಯೆಯನ್ನು ದೊಡ್ಡದು ಮಾಡಿ ಹೊಸ ಮನೆಗೆ ಸಾಗಿಸಿದಂತಾಗುತ್ತಿತ್ತು. ಅಲ್ಲಿಗೇ ನಿಲ್ಲಿಸಿದೆ.

ಒಡೆತನ ಬದಲಿಸುವ ಮೊದಲು ಅನುಮತಿಗಳನ್ನು ಸರಿ ಮಾಡಬೇಕಿತ್ತು. ಅದಕ್ಕಿರುವ ದಾರಿ ಆಥರೈಸೇಶನ್ ಲಿಸ್ಟ್. ಒಂದು ಪಟ್ಟಿ ಮಾಡಿ, ಯಾರಿಗೆ ಎಷ್ಟು ಅಧಿಕಾರ ಅಂತ ಅದರಲ್ಲಿ ಬರೆಯುವುದು. ಫೈಲುಗಳಿಗೆ "ನಿನ್ನನ್ನು ಈ ಪಟ್ಟಿ ಕಾಯುತ್ತದೆ" ಅಂತ ಹೇಳುವುದು. ಆಗ ಇಮೇಲ್ ಪ್ರೊಫೈಲಿಗೆ ಒಂದು ಎಂಟ್ರಿ ಸಾಕು, ಪಟ್ಟಿಯ ಮೇಲಿನದು. ಆ ಪಟ್ಟಿ ಕಾಯುವ ಫೈಲು ಹತ್ತಿರಲಿ, ಹತ್ತು ಲಕ್ಷವಿರಲಿ, ಆ ಪ್ರೊಫೈಲಿನ ಹೊಟ್ಟೆ ಬೆಳೆಯುವುದಿಲ್ಲ. ಪಟ್ಟಿಗೂ ಅದರದ್ದೇ ಆದ ಮಿತಿ ಇದೆ. ಹಾಗಾಗಿ ಎಲ್ಲವನ್ನೂ ಒಂದೇ ಪಟ್ಟಿಗೆ ಕಟ್ಟದೆ ವರ್ಷಕ್ಕೊಂದು ಮಾಡಿದೆವು. ಇನ್ನೊಬ್ಬ ಹೊಸ ಬಳಕೆದಾರ ಸೇರಿದರೆ ಪಟ್ಟಿಯಲ್ಲಿ ಒಂದು ಸಾಲು ಬರೆದರೆ ಆಯಿತು. ಲಕ್ಷ ಫೈಲುಗಳ ಮೇಲೆ ಕಮಾಂಡ್ ಓಡಿಸುವ ಕೆಲಸವೇ ಇಲ್ಲ. ನನ್ನ ಮಟ್ಟಿಗೆ ಈ ಸಿಸ್ಟಮ್ಮಿನ ಸುರಕ್ಷತೆಯಲ್ಲಿ ಇದರಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದು ಇನ್ನೊಂದಿಲ್ಲ. ಆದರೂ ಎಷ್ಟೋ ಕಡೆ ಜನ ಒಂದೊಂದು ಆಬ್ಜೆಕ್ಟಿಗೆ ಒಂದೊಂದು ಅನುಮತಿ ಕೊಡುತ್ತಲೇ ಇರುತ್ತಾರೆ. ಅವತ್ತಿನ ಕೆಲಸ ಅವತ್ತಿಗೆ ಮುಗಿಯುತ್ತದಲ್ಲ, ಅದಕ್ಕೆ.

ಉಳಿದ 19 ಲಕ್ಷ ಫೈಲುಗಳಿಂದ ಮೂರು ಅನುಮತಿಗಳನ್ನು ತೆಗೆದು ಪಟ್ಟಿಗೆ ಕಟ್ಟುವುದಕ್ಕೆ ಆರು ರಾತ್ರಿ ಹಿಡಿಯಿತು. ಬ್ಯಾಚ್ ಇಲ್ಲದ ಹೊತ್ತು ನೋಡಿ, ತಿಂಗಳ ಫೋಲ್ಡರ್ ಒಂದೊಂದಾಗಿ. ಇಲ್ಲಿ ಒಂದು ಎಚ್ಚರ ಹೇಳಬೇಕು. ಅನುಮತಿ ತೆಗೆಯುವುದು ಬೇರೆ, ಎಕ್ಸ್‌ಕ್ಲೂಡ್ ಅಂತ ಕೊಡುವುದು ಬೇರೆ. ಎಕ್ಸ್‌ಕ್ಲೂಡ್ ಅಂದರೆ "ಇವನಿಗೆ ಇಲ್ಲ" ಅಂತ ಬರೆದಿಡುವುದು. ಬರೆದಿಟ್ಟರೆ ಅದೂ ಒಂದು ಎಂಟ್ರಿಯೇ. ಮೊದಲ ಫೋಲ್ಡರಿನಲ್ಲಿ ಮೇಡಂ ಕಣ್ಣಿಗೆ ಇದು ಬೀಳದಿದ್ದರೆ ಆರು ರಾತ್ರಿಯೂ ವ್ಯರ್ಥವಾಗುತ್ತಿತ್ತು. ಫೋಲ್ಡರಿನ ಮೇಲಿದ್ದ ಮೂಲ ಅನುಮತಿಗಳನ್ನೂ ತೆಗೆದೆವು. ಇಲ್ಲದಿದ್ದರೆ ಮಾರನೇ ರಾತ್ರಿಯ ಹೊಸ ಪಿಡಿಎಫ್‌ಗಳು ಮತ್ತೆ ನಾಲ್ಕು ನಾಲ್ಕು ಎಂಟ್ರಿ ಹೊತ್ತುಕೊಂಡೇ ಹುಟ್ಟುತ್ತಿದ್ದವು.

ಸರ್ವಿಸ್ ಪ್ರೊಫೈಲಿನಲ್ಲಿ 90 ಲಕ್ಷ ಎಂಟ್ರಿ ಇದ್ದದ್ದು 33ಕ್ಕೆ ಇಳಿಯಿತು. ಇನ್ನೂ 7 ಲಕ್ಷ ಹಳೆಯ ಲಾಗ್ ಅಳಿಸಿದ ಮೇಲೆ 26. ನಾನು ಮೊದಲು ಎಡವಿದ್ದ 3 ಲಕ್ಷ ಫೈಲುಗಳ ಮೇಲಿನ ಅಧಿಕಾರವನ್ನೂ ಪಟ್ಟಿಯ ಮೂಲಕ ಕೊಟ್ಟು, ಅವುಗಳಿಗೆ ಅಂಟಿದ್ದ ಪ್ರೈವೇಟ್ ಅಥಾರಿಟಿಗಳನ್ನು ಕಿತ್ತುಹಾಕಿದ ಮೇಲೆ 23. ಆ ಸಂಜೆ ರಿಪೋರ್ಟನ್ನು ಮೇಡಂ ಟೇಬಲ್ ಮೇಲೆ ಇಟ್ಟೆ. ಅವರು ಏನೂ ಹೇಳಲಿಲ್ಲ. ಪೆನ್ ತೆಗೆದು 23ರ ಸುತ್ತ ಒಂದು ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದರು.

ಮುಂದಿನದು ವರ್ಷಕ್ಕೊಬ್ಬ ಮಾಲೀಕ. ಮುಗಿದ ವರ್ಷಗಳ 14 ಲಕ್ಷ ಫೈಲುಗಳನ್ನು ಆಯಾ ವರ್ಷದ ಪ್ರೊಫೈಲಿಗೆ ದಾಟಿಸುವುದು. ಈ ಸಲ ಹಳೆಯ ಮಾಲೀಕನ ಅಧಿಕಾರ ತೆಗೆದುಹಾಕಿ ಅನ್ನುವ ಉತ್ತರವನ್ನು ಮುಟ್ಟಲಿಲ್ಲ. ಆದರೆ ಎಲ್ಲವನ್ನೂ ದಾಟಿಸುವ ಮೊದಲು ಟೆಸ್ಟ್ ಮೆಷಿನ್ನಿನಲ್ಲಿ ಒಂದು ಸಲ ಬ್ಯಾಕಪ್‌ನಿಂದ ರೀಸ್ಟೋರ್ ಮಾಡಿ ನೋಡಬೇಕು ಅಂತ ಮೇಡಂ ಪಟ್ಟು ಹಿಡಿದರು. ಮೆಷಿನ್ ಹೋದ ದಿನ ಈ ಮಾಲೀಕರೆಲ್ಲ ವಾಪಸ್ ಬರುತ್ತಾರಾ ಅಂತ ಗೊತ್ತಾಗಬೇಕಲ್ಲ.

ಮೊದಲ ಪ್ರಯತ್ನದಲ್ಲಿ ಬರಲಿಲ್ಲ. ನಾನು ನೇರವಾಗಿ ಫೋಲ್ಡರನ್ನು ರೀಸ್ಟೋರ್ ಮಾಡಿದೆ. ಫೈಲುಗಳೆಲ್ಲ ಬಂದವು. ಆದರೆ ಮಾಲೀಕನ ಹೆಸರು ಕ್ಯುಡಿಎಫ್‌ಟಿಓನ್. ಹೊಸ ಮಾಲೀಕನ ಪ್ರೊಫೈಲ್ ಆ ಮೆಷಿನ್ನಿನಲ್ಲಿ ಇರಲಿಲ್ಲ. ಮಾಲೀಕ ಸಿಗದ ಆಬ್ಜೆಕ್ಟುಗಳನ್ನು ಸಿಸ್ಟಂ ಈ ಪ್ರೊಫೈಲಿನ ಮಡಿಲಿಗೆ ಹಾಕುತ್ತದೆ. ಎರಡನೇ ಪ್ರಯತ್ನದಲ್ಲಿ ಬೇರೆಯೇ ತೊಂದರೆ. ರೀಸ್ಟೋರ್ ಮಾಡಿದ ಆಪರೇಟರ್ ಪ್ರೊಫೈಲಿಗೆ ಮ್ಯಾಕ್ಸಿಮಮ್ ಸ್ಟೋರೇಜ್ ಮಿತಿ ಹಾಕಿದ್ದರು. ರೀಸ್ಟೋರ್ ಮಾಡುವಾಗ ಜಾಗ ಮೊದಲು ಮಾಡುವವರ ಲೆಕ್ಕಕ್ಕೆ ಬೀಳುತ್ತದೆ, ಆಮೇಲೆ ನಿಜವಾದ ಮಾಲೀಕನಿಗೆ ಹೋಗುತ್ತದೆ. ಅವರ ಮಿತಿ ಮುಗಿದು ಕೆಲಸ ನಿಂತಿತು. ಈ ಮಿತಿ ಕಿಲೋಬೈಟ್ ಲೆಕ್ಕದ್ದು. ಎಂಟ್ರಿಗಳ ಒಂದು ಕೋಟಿಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಮೊದಲ ರಾತ್ರಿ ನಾನೂ ಸರ್ವಿಸ್ ಪ್ರೊಫೈಲಿನ ಸ್ಟೋರೇಜಿಗೆ ಮಿತಿಯಿಲ್ಲ ಅಂತ ನೋಡಿ, ಹಾಗಾದರೆ ಪ್ರೊಫೈಲ್ ಸರಿಯಾಗಿದೆ ಅಂತಲೇ ನಂಬಿದ್ದೆ. ಗ್ರೂಪ್ ಪ್ರೊಫೈಲ್, ಅಂದರೆ ಹಲವು ಯೂಸರುಗಳ ಗುಂಪಿನ ಪ್ರೊಫೈಲ್, ಮಾಲೀಕನಾಗಲಿ ಅಂತ ಸೆಟ್ ಮಾಡಿದವರಿಗೂ ಇದೇ ಮಾತು. ಆಬ್ಜೆಕ್ಟ್ ಮೊದಲು ಮಾಡಿದವನ ಲೆಕ್ಕದಲ್ಲೇ ಹುಟ್ಟುತ್ತದೆ, ಆಮೇಲೆ ಗ್ರೂಪಿಗೆ ದಾಟುತ್ತದೆ. ಅವನ ಮಿತಿಯಲ್ಲೂ ಅಷ್ಟು ಜಾಗ ಇರಬೇಕು.

ಮೂರನೇ ಸಲ ಕ್ರಮವಾಗಿ ಮಾಡಿದೆವು. ಮೊದಲು ಯೂಸರ್ ಪ್ರೊಫೈಲುಗಳು, ಆಮೇಲೆ ಆಬ್ಜೆಕ್ಟುಗಳು, ಕೊನೆಗೆ ರೀಸ್ಟೋರ್ ಅಥಾರಿಟಿ. ಎಲ್ಲ ಮಾಲೀಕರೂ ತಮ್ಮ ತಮ್ಮ ಜಾಗಕ್ಕೆ ಬಂದರು. ಪ್ರೈವೇಟ್ ಅಥಾರಿಟಿಗಳು ಕಟ್ಟಿಕೊಳ್ಳುವುದು ಕೊನೆಯ ಹೆಜ್ಜೆಯಲ್ಲಿ. ಅವು ಲಕ್ಷಗಟ್ಟಲೆ ಇದ್ದಾಗ ಆ ಹೆಜ್ಜೆಯೂ ಅಷ್ಟೇ ಉದ್ದವಾಗುತ್ತದೆ. ನಾವು ಆರು ರಾತ್ರಿ ಕೂತು ತೆಗೆದದ್ದರ ಬೆಲೆ ನನಗೆ ಗೊತ್ತಾಗಿದ್ದು ಅಲ್ಲಿ.

ಇದೇ ಸಂದರ್ಭದಲ್ಲಿ ಇನ್ನೊಂದು ಗಂಟು ಬಿಚ್ಚಿಕೊಂಡಿತು. ಒಡೆತನದ ಪಟ್ಟಿಯಲ್ಲಿ ಕೆಲಸ ಬಿಟ್ಟು ಹೋದ ಒಬ್ಬ ಡೆವಲಪರ್ ಹೆಸರಿತ್ತು. ಪ್ರೊಫೈಲ್ ಡಿಸೇಬಲ್ ಆಗಿತ್ತು, ಅಳಿಸಿರಲಿಲ್ಲ. ಆಬ್ಜೆಕ್ಟುಗಳಿಗೆ ಮಾಲೀಕನಾಗಿರುವ ಪ್ರೊಫೈಲನ್ನು ಸುಮ್ನೆ ಅಳಿಸಲು ಹೋದರೆ ಸಿಸ್ಟಂ ಬಿಡುವುದಿಲ್ಲ. ಆಬ್ಜೆಕ್ಟುಗಳನ್ನೂ ಸೇರಿಸಿ ಅಳಿಸು ಅಂತ ಒಂದು ಆಯ್ಕೆ ಇದೆ. ಅದನ್ನು ಕಣ್ಣು ಮುಚ್ಚಿ ಒತ್ತಿದರೆ ಪ್ರೊಡಕ್ಷನ್ ಪ್ರೋಗ್ರಾಮುಗಳೂ ಜೊತೆಗೆ ಹೋಗುತ್ತವೆ. ಇನ್ನೊಂದು, ಬೇರೆಯವರ ಹೆಸರಿಗೆ ದಾಟಿಸು ಅನ್ನುವುದು. ಬಹಳ ಜನ ಅಲ್ಲಿ ಕ್ಯುಸೆಕ್‌ಆಫರ್ (ಎಲ್ಲ ಅಧಿಕಾರವೂ ಇರುವ ಸೆಕ್ಯುರಿಟಿ ಆಫೀಸರ್ ಪ್ರೊಫೈಲ್) ಅಂತ ಬರೆದು ಎಂಟರ್ ಒತ್ತುತ್ತಾರೆ. ನಾನೂ ಬರೆದಿದ್ದೆ, ಒತ್ತಿರಲಿಲ್ಲ.

"ಅಡಾಪ್ಟ್ ಮಾಡುವ ಪ್ರೋಗ್ರಾಂ ಇದೆಯಾ ಅಂತ ನೋಡಿದ್ರಾ?" ಅಂತ ಮೇಡಂ ಕೇಳಿದರು.

ನೋಡಿದೆ. ಆ ಪ್ರೊಫೈಲಿನ ಅಧಿಕಾರವನ್ನು ಎರವಲು ಪಡೆದು ಓಡುವ 14 ಪ್ರೋಗ್ರಾಮುಗಳಿದ್ದವು. ಇಂಥ ಪ್ರೋಗ್ರಾಂ ಯಾರೇ ಓಡಿಸಲಿ, ಓಡುವಷ್ಟು ಹೊತ್ತು ಅವರ ಅಧಿಕಾರದ ಜೊತೆಗೆ ಮಾಲೀಕನ ಅಧಿಕಾರವೂ ಸಿಗುತ್ತದೆ. ಮಾಲೀಕನನ್ನು ಬದಲಿಸಿದರೆ ಪ್ರೋಗ್ರಾಂ ಏನೇನು ಮಾಡಬಲ್ಲದು ಅನ್ನುವುದೇ ಬದಲಾಗುತ್ತದೆ. ಕ್ಯುಸೆಕ್‌ಆಫರ್‌ಗೆ ದಾಟಿಸಿದ್ದರೆ ಆ 14 ಪ್ರೋಗ್ರಾಮುಗಳಿಗೆ ಇಡೀ ಮೆಷಿನ್ನಿನ ಬಾಗಿಲು ತೆರೆದುಕೊಳ್ಳುತ್ತಿತ್ತು. ಏನೂ ಅಧಿಕಾರವಿಲ್ಲದ ನಮ್ಮ ಹೊಸ ಮಾಲೀಕನಿಗೆ ಕೊಟ್ಟಿದ್ದರೆ ತಿಂಗಳ ಕೊನೆಯ ಲೆಕ್ಕ ಮುಗಿಸುವ ಜಾಬ್ ಮಧ್ಯರಾತ್ರಿ ಬೀಳುತ್ತಿತ್ತು. ಎರಡೂ ಬೇಡ. 14 ಪ್ರೋಗ್ರಾಮುಗಳ ಸೋರ್ಸ್ ಓದಿ, ಯಾವುದಕ್ಕೆ ಯಾವ ಟೇಬಲ್ ಬೇಕು ಅಂತ ಬರೆದುಕೊಂಡು, ಅಷ್ಟಕ್ಕೆ ಮಾತ್ರ ಅಧಿಕಾರವಿರುವ ಬೇರೊಂದು ಪ್ರೊಫೈಲ್ ಮಾಡಿ ಅದಕ್ಕೆ ದಾಟಿಸಿದೆವು. ಮೂರು ಪ್ರೋಗ್ರಾಮುಗಳಿಗೆ ಎರವಲು ಬೇಕೇ ಇರಲಿಲ್ಲ. ಎಲ್ಲದರಲ್ಲೂ ಹೆಚ್ಚು ಹೊತ್ತು ಹಿಡಿದ ಕೆಲಸ ಇದೇ. ಎಲ್ಲದರಲ್ಲೂ ನನಗೆ ಹೆಚ್ಚು ಸಮಾಧಾನ ಕೊಟ್ಟಿದ್ದೂ ಇದೇ.

ಈಗ ತಿಂಗಳ ಮೊದಲ ದಿನ ಒಂದು ಜಾಬ್ ಪ್ರೊಫೈಲ್ ರಿಪೋರ್ಟ್ ತೆಗೆಯುತ್ತದೆ. ಯಾವ ಪ್ರೊಫೈಲಾದರೂ ಶೇಕಡ 50 ದಾಟಿದರೆ ನಮ್ಮಿಬ್ಬರಿಗೂ ಮೆಸೇಜ್ ಬರುತ್ತದೆ. ಹೊಸ ವರ್ಷದ ಮಾಲೀಕನನ್ನೂ ಅದರ ಪಟ್ಟಿಯನ್ನೂ ಡಿಸೆಂಬರಿನಲ್ಲೇ ಮಾಡಿಡುತ್ತೇವೆ. ಹೊಸ ಅಪ್ಲಿಕೇಶನ್ ಬಂದಾಗ ಫೈಲುಗಳು ಯಾರ ಹೆಸರಲ್ಲಿ ಹುಟ್ಟುತ್ತವೆ ಅಂತ ಮೊದಲೇ ಕೇಳುತ್ತೇವೆ. ಉತ್ತರ ಬರುವವರೆಗೆ ಫೋಲ್ಡರ್ ಮಾಡಿಕೊಡುವುದಿಲ್ಲ.

ಈ ತಿಂಗಳ ರಿಪೋರ್ಟಿನಲ್ಲಿ ಸರ್ವಿಸ್ ಪ್ರೊಫೈಲ್ ಶೇಕಡ 9. ಅದರ ಕೆಳಗೆ ಕ್ಯುಡಿಎಫ್‌ಟಿಓನ್ ಹೆಸರಲ್ಲಿ ಹೋದ ತಿಂಗಳು ಇಲ್ಲದಿದ್ದ ನಾಲ್ಕು ಆಬ್ಜೆಕ್ಟುಗಳು ಕಾಣಿಸಿಕೊಂಡಿವೆ. ಯಾರೋ ಎಲ್ಲಿಂದಲೋ ಏನನ್ನೋ ರೀಸ್ಟೋರ್ ಮಾಡಿದ್ದಾರೆ. ಅವುಗಳ ಮಾಲೀಕ ಯಾರು ಅಂತ ಹುಡುಕುತ್ತಿದ್ದೇನೆ.